ಅಂಟಿಸುವ ಶೀಟು ಎಷ್ಟು ದಿನ ಬಾಳುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಪೇಂಟು, ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ ಕೂತು 20 ವರ್ಷ ದಾಟಿತು. ಮೊದಲೆಲ್ಲ ಹಬ್ಬ ಹತ್ತಿರ ಬಂತೆಂದರೆ ಜನ ಸುಣ್ಣ, ಡಿಸ್ಟೆಂಪರ್ ಕೇಳಿಕೊಂಡು ಬರುತ್ತಿದ್ದರು. ಈಗ ಹಿಂದಿನ ಪೇಪರ್ ಸುಲಿದು ಅಂಟಿಸುವ ಶೀಟ್ ಕೇಳುವವರೇ ಜಾಸ್ತಿ. ಗೋಡೆಗೆ, ಅಡುಗೆ ಕಟ್ಟೆಗೆ, ಬೀರು ಬಾಗಿಲಿಗೆ, ಕೊನೆಗೆ ನೆಲಕ್ಕೂ ಅದೇ. ಕೊಳ್ಳುವಾಗ ಒಂದು ಪ್ರಶ್ನೆ, ಆರು ತಿಂಗಳಾದ ಮೇಲೆ ಇನ್ನೊಂದು ಪ್ರಶ್ನೆ. ಅಂಗಡಿಯಲ್ಲಿ, ಫೋನಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೇಳಿದವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

## ಕೊಳ್ಳುವ ಮುಂಚೆ

ಒಂದೇ ಮಾತಲ್ಲಿ ಹೇಳಿ, ಎಷ್ಟು ವರ್ಷ ಬರುತ್ತೆ?

ಒಂದೇ ಮಾತಲ್ಲಿ ಆಗುವುದಿಲ್ಲ, ಅಂದಾಜು ಕೊಡುತ್ತೇನೆ. ಬಿಸಿಲು ಬೀಳದ, ಒಣಗಿದ, ನುಣುಪಾದ ಗೋಡೆ ಮೇಲೆ ಒಳ್ಳೆಯ ವಿನೈಲ್ ಶೀಟ್ 5-6 ವರ್ಷ ನಿಲ್ಲುತ್ತದೆ. ಬೀರು, ಕಪಾಟಿನ ಬಾಗಿಲಿಗೆ ಅಂಟಿಸಿದ್ದು ಅದಕ್ಕಿಂತ ಜಾಸ್ತಿ. ಅಡುಗೆ ಕಟ್ಟೆ ಮೇಲಿನದು 1-2 ವರ್ಷ. ಸ್ಟೌ ಹಿಂದಿನ ಫಾಯಿಲ್ ಶೀಟ್ ಒಂದು ವರ್ಷ ಬಂದರೆ ದುಡ್ಡು ಹುಟ್ಟಿತು ಅಂದುಕೊಳ್ಳಿ. ನೆಲಕ್ಕೆ ಅಂಟಿಸುವ ವಿನೈಲ್ ಟೈಲ್ಸ್ ಮಲಗುವ ಕೋಣೆಯಲ್ಲಿ 5 ವರ್ಷ, ಹಾಲಿನಲ್ಲಿ 3.

ಇವೆಲ್ಲ ನನ್ನ ಗಿರಾಕಿಗಳ ಮನೆಯಲ್ಲಿ ಕಂಡ ಲೆಕ್ಕ. ಪ್ಯಾಕೆಟ್ ಮೇಲೆ 10 ವರ್ಷ ಎಂದಿದ್ದರೆ ಅದು ಶೀಟಿನ ಆಯಸ್ಸು, ನಿಮ್ಮ ಗೋಡೆಯ ಕಥೆ ಪ್ಯಾಕೆಟ್ಟಿಗೆ ಗೊತ್ತಿಲ್ಲ. ಶೀಟೇ ಸವೆದು ಹರಿದದ್ದನ್ನು ನಾನು ನೋಡಿದ್ದು ಕಡಿಮೆ. ಸೋಲುವುದು ಹೆಚ್ಚಾಗಿ ಅದರ ಕೆಳಗಿನ ಬಣ್ಣ, ಇಲ್ಲವೇ ಗಮ್ಮು.

ನೋಡೋಕೆ ಎಲ್ಲಾ ಒಂದೇ ಥರ ಇವೆ. ಅಗ್ಗದ್ದಕ್ಕೂ ದುಬಾರಿದಕ್ಕೂ ಏನು ವ್ಯತ್ಯಾಸ?

ಮೇಲಿನ ಡಿಸೈನಿನಲ್ಲಿ ವ್ಯತ್ಯಾಸ ಇರುವುದಿಲ್ಲ, ಅದಕ್ಕೇ ಜನ ಮೋಸ ಹೋಗುವುದು. ಈ ಶೀಟುಗಳಲ್ಲಿ ಬಹುಪಾಲು ಪಿವಿಸಿ, ಅಂದರೆ ನೀರಿನ ಪೈಪಿನದೇ ಪ್ಲಾಸ್ಟಿಕ್. ವಿನೈಲ್ ಅನ್ನುವುದೂ ಇದನ್ನೇ. ಪಿವಿಸಿ ಹುಟ್ಟಾ ಗಡಸು. ಅದಕ್ಕೆ ಎಣ್ಣೆಯಂಥ ಮೆದುಕಾರಕ ಸೇರಿಸಿದರೆ ಬಟ್ಟೆಯ ಹಾಗೆ ಬಳುಕುತ್ತದೆ. 1926ರಲ್ಲಿ ಅಮೆರಿಕದ ವಾಲ್ಡೋ ಸೆಮನ್ ಕಂಡುಕೊಂಡ ಉಪಾಯ ಇದು. ಹೀಗೆ ಮೆದುವಾದದ್ದನ್ನು ಬಿಸಿ ರೋಲರುಗಳ ನಡುವೆ ಹಾಯಿಸಿ, ಚಪಾತಿ ಲಟ್ಟಿಸಿದ ಹಾಗೆ ತೆಳುವಾಗಿ ಎಳೆಯುತ್ತಾರೆ. ಅಗ್ಗದ ಶೀಟಿನಲ್ಲಿ ಮೆದುಕಾರಕದ ಗುಣಮಟ್ಟ ಕಡಿಮೆ, ಎಳೆತ ಜಾಸ್ತಿ, ದಪ್ಪ ಕಡಿಮೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಒಣ ಬಾಳೆಲೆಯ ಹಾಗೆ ಪೆಡಸಾಗುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಸ್ಯಾಂಪಲ್ಲಿನ ಮೂಲೆಯನ್ನು ಮಡಿಸಿ ಉಗುರಿನಿಂದ ಒತ್ತಿ. ಮಡಿಕೆಯಲ್ಲಿ ಬಿಳಿ ಗೆರೆ ಉಳಿದರೆ ಬೇಡ. ಹಿಂದಿನ ಪೇಪರ್ ಸುಲಿದು ಟ್ಯೂಬ್‌ಲೈಟಿಗೆ ಹಿಡಿಯಿರಿ. ಬೆಳಕು ಧಾರಾಳವಾಗಿ ತೂರಿ ಬಂದರೆ ಗೋಡೆಯ ಹಳೇ ಕಲೆಯೂ ಹಾಗೇ ತೂರಿ ಕಾಣುತ್ತದೆ. 100 ಮೈಕ್ರಾನಿಗಿಂತ (0.1 ಎಂಎಂ) ತೆಳುವಾದ್ದನ್ನು ಗೋಡೆಗೆ ನಾನು ಕೊಡುವುದಿಲ್ಲ, ಡ್ರಾಯರ್ ಒಳಗೆ ಹಾಸಲು ಕೊಡುತ್ತೇನೆ.

ಗಮ್ಮು ಎಲ್ಲಾ ಒಂದೇ ಅಲ್ವಾ? ಅಂಟಿದರೆ ಸರಿ.

ಎರಡು ಜಾತಿ ಇವೆ. ರಬ್ಬರ್ ಗಮ್ಮು ಮುಟ್ಟಿದ ತಕ್ಷಣ ಹಿಡಿಯುತ್ತದೆ. ಆದರೆ ಸೆಕೆಗೆ ಮೆತ್ತಗಾಗುತ್ತದೆ, ಬಿಸಿಲು ಗಾಳಿಗೆ ಹಳದಿಯಾಗಿ ಒಣಗುತ್ತದೆ. ಅಕ್ರಿಲಿಕ್ ಗಮ್ಮು ನಿಧಾನಿ. ಮೊದಲ ದಿನ ಸಡಿಲ ಅನ್ನಿಸುತ್ತದೆ. ಒಂದರಿಂದ ಮೂರು ದಿನದಲ್ಲಿ ಗೋಡೆಯ ಸಣ್ಣ ಸಣ್ಣ ತಗ್ಗುಗಳಿಗೆ ಹರಿದು ಕೂತು ಬಿಗಿಯಾಗುತ್ತದೆ. ಬಿಸಿಲು, ಬಿಸಿ ಎರಡನ್ನೂ ಚೆನ್ನಾಗಿ ತಾಳುತ್ತದೆ.

ಹಾಗಾಗಿ ಅಂಟಿಸಿದ ಮೊದಲ ಗಂಟೆಯಲ್ಲಿ ಯಾವುದು ಒಳ್ಳೆಯದು ಎಂದು ತೀರ್ಮಾನ ಮಾಡಬೇಡಿ. 'ತೆಗೆದು ಮತ್ತೆ ಅಂಟಿಸಬಹುದು' ಎಂದು ಬರೆದಿರುವ ಶೀಟಿನ ಗಮ್ಮು ಬೇಕಂತಲೇ ದುರ್ಬಲವಾಗಿ ಮಾಡಿದ್ದು. ಬಾಡಿಗೆ ಮನೆಗೆ ಅದು ಚೆಂದ, ಸ್ಪಂಜಿನ ಹಾಗೆ ಮೆತ್ತಗಿರುವ ದಪ್ಪ ಫೋಮ್ ಶೀಟಿಗೆ ಸಾಲದು.

ಆಫರ್‌ನಲ್ಲಿ ಹಳೇ ಸ್ಟಾಕ್ ಸಿಗ್ತಿದೆ, ತಗೋಬಹುದಾ?

ತಯಾರಾಗಿ ಎರಡು ವರ್ಷ ದಾಟಿದ್ದರೆ ಬೇಡ. ರೋಲ್ ಸುಮ್ನೆ ಇಟ್ಟಿದ್ದರೂ ಗಮ್ಮು ಹಳತಾಗುತ್ತಲೇ ಇರುತ್ತದೆ. ತಗಡಿನ ಗೋದಾಮಿನಲ್ಲಿ ಬೇಸಿಗೆ ಕಳೆದಿದ್ದರೆ ಕೇಳುವುದೇ ಬೇಡ.

## ಗೋಡೆಯ ಸಂಗತಿ

ಭಾನುವಾರ ಅಂಟಿಸಿದ್ದೆ, ಬುಧವಾರ ಬೆಳಿಗ್ಗೆ ಎದ್ದು ನೋಡಿದ್ರೆ ಪೂರ್ತಿ ಶೀಟ್ ನೆಲದ ಮೇಲೆ ಬಿದ್ದಿತ್ತು. ಗಮ್ಮು ಡೂಪ್ಲಿಕೇಟಾ?

ಬಿದ್ದ ಶೀಟಿನ ಹಿಂಬದಿ ನೋಡಿ. ಬೆಳ್ಳಗೆ ಹಿಟ್ಟು ಮೆತ್ತಿದ ಹಾಗೆ ಇದೆಯೇ? ಹಾಗಾದರೆ ಗಮ್ಮಿನ ತಪ್ಪಿಲ್ಲ. ಅದು ತನ್ನ ಕೆಲಸ ಮಾಡಿ ನಿಮ್ಮ ಬಣ್ಣವನ್ನು ಗಟ್ಟಿಯಾಗಿ ಹಿಡಿದಿದೆ, ಬಣ್ಣವೇ ಗೋಡೆ ಬಿಟ್ಟು ಬಂದಿದೆ. ಸುಣ್ಣ, ಡಿಸ್ಟೆಂಪರ್ ಎರಡೂ ಪುಡಿ ಬಣ್ಣಗಳು. ಪುಡಿಯನ್ನು ಹಿಡಿದಿಡುವ ಅಂಶ ಅವುಗಳಲ್ಲಿ ತೀರಾ ಕಡಿಮೆ. ಅಂಗೈಯಿಂದ ಗೋಡೆ ಸವರಿ, ಅಂಗೈ ಬೆಳ್ಳಗಾದರೆ ಅಲ್ಲಿ ಯಾವ ಶೀಟೂ ನಿಲ್ಲುವುದಿಲ್ಲ. ಎಷ್ಟು ದುಬಾರಿ ಶೀಟೋ ಅಷ್ಟು ಬೇಗ ಬೀಳುತ್ತದೆ, ಏಕೆಂದರೆ ದಪ್ಪ ಶೀಟಿನ ತೂಕವೂ ಜಾಸ್ತಿ.

ಅಂಗೈಗೆ ಏನೂ ಬರದಿದ್ದರೆ ಎರಡನೇ ಪರೀಕ್ಷೆ. ಗೇಣುದ್ದ ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸಿ, ಸರ್ರನೆ ಎಳೆಯಿರಿ. ಟೇಪಿನ ಜೊತೆ ಬಣ್ಣದ ಚಕ್ಕೆ ಬಂದರೆ ಗೋಡೆ ಇನ್ನೂ ತಯಾರಿಲ್ಲ. ಪರಿಹಾರ ಬೇಸರದ್ದೇ: ಸಡಿಲ ಬಣ್ಣ ಕೆರೆದು, ಉಪ್ಪುಕಾಗದ ಉಜ್ಜಿ, ಧೂಳು ಒರೆಸಿ, ಒಂದು ಕೋಟ್ ಪ್ರೈಮರ್ ಹೊಡೆಯಬೇಕು. ಮೇಲೆ ಎಮಲ್ಷನ್ ಪೇಂಟ್ ಬಿದ್ದರೆ ಇನ್ನೂ ಒಳ್ಳೆಯದು. 'ಪೇಂಟ್ ಬೇಡ ಅಂತಲೇ ತಾನೇ ಶೀಟ್ ತಗೊಂಡಿದ್ದು' ಎಂದು ಗಿರಾಕಿಗಳು ರೇಗುತ್ತಾರೆ. ರೇಗುವುದು ನ್ಯಾಯವೇ, ಆದರೆ ಬೇರೆ ದಾರಿಯಿಲ್ಲ.

ಹೊಸ ಮನೆ, ಬಣ್ಣ ಹೊಡೆದು ಒಂದು ವಾರ ಆಯ್ತು. ಗೃಹಪ್ರವೇಶಕ್ಕೆ ಮುಂಚೆ ಅಂಟಿಸಬೇಕು, ಸಾಕಲ್ವಾ?

ಸಾಲದು. ಸಿಮೆಂಟ್ ಪ್ಲಾಸ್ಟರ್ ಹದಕ್ಕೆ ಬರಲು ಕಡಿಮೆ ಎಂದರೆ 28 ದಿನ ಬೇಕು. ಅದರ ಮೇಲೆ ಹೊಡೆದ ಪೇಂಟಿಗೆ ಮತ್ತೆ ಮೂರು ನಾಲ್ಕು ವಾರ. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಒಳಗೆ ನೀರಿನಂಶ ಹೊರಬರುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಶೀಟ್ ಮುಚ್ಚಿದರೆ ಆ ನೀರಿಗೆ ದಾರಿ ತಪ್ಪಿ ಗುಳ್ಳೆ ಏಳುತ್ತದೆ. ಗೃಹಪ್ರವೇಶಕ್ಕೆ ಮಾವಿನ ತೋರಣ ಕಟ್ಟಿ, ಶೀಟು ಎರಡು ತಿಂಗಳ ಮೇಲೆ ನೋಡೋಣ.

ಗೋಡೆ ಕೆಳಗೆ ಎರಡಡಿ ತನಕ ಬಣ್ಣ ಉದುರುತ್ತೆ. ಅದನ್ನು ಮುಚ್ಚೋಕೇ ಶೀಟ್ ಬೇಕಿರೋದು.

ಅಂಗಡಿಯಲ್ಲಿ ನಾನು ಕೇಳುವ ಅತಿ ಸಾಮಾನ್ಯ ಬೇಡಿಕೆ ಇದು. ಮಾರಲು ನನಗೆ ಮನಸ್ಸಾಗದ ಸಂದರ್ಭವೂ ಇದೇ.

ಹಳೇ ಮನೆಗಳಲ್ಲಿ ಪಾಯಕ್ಕೂ ಗೋಡೆಗೂ ನಡುವೆ ತೇವ ತಡೆಯುವ ಪದರ ಇರುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಗೋಡೆ ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ನೀರಿನ ಜೊತೆ ಉಪ್ಪಿನಂಶವೂ ಏರುತ್ತದೆ. ನೀರು ಆರಿ ಹೋಗುವ ಜಾಗದಲ್ಲಿ ಉಪ್ಪು ಹರಳುಗಟ್ಟಿ, ಬಣ್ಣವನ್ನೂ ಪ್ಲಾಸ್ಟರನ್ನೂ ಒಳಗಿನಿಂದ ತಳ್ಳುತ್ತದೆ. ಹತ್ತಿಯಂಥ ಬಿಳಿ ಹೂವು ಬಿಡುವುದು ಅದೇ. ಈಗ ಅಲ್ಲಿ ಶೀಟ್ ಅಂಟಿಸಿದಿರಿ ಅನ್ನಿ. ಎರಡಡಿಯಲ್ಲಿ ಆರುತ್ತಿದ್ದ ನೀರು ದಾರಿ ಕಾಣದೆ ಮೂರಡಿಗೆ ಏರುತ್ತದೆ.

ನಂಜನಗೂಡಿನ ನಮ್ಮ ಅತ್ತೆಯ ಮನೆಯಲ್ಲಿ ಈ ತಪ್ಪು ಮಾಡಿದವನು ನಾನೇ. ಇಟ್ಟಿಗೆ ಡಿಸೈನಿನ ಫೋಮ್ ಶೀಟನ್ನು ನಡುಮನೆ ಗೋಡೆಗೆ ಸೊಂಟದ ಮಟ್ಟಕ್ಕೆ ಅಂಟಿಸಿ ಬಂದೆ. ದಸರಾಕ್ಕೆ ಅಂಟಿಸಿದ್ದು, ಮುಂದಿನ ಮಳೆಗಾಲಕ್ಕೆ ಶೀಟಿನ ಮೇಲ್ಗಡೆ ಹೊಸದಾಗಿ ಬಣ್ಣ ಉದುರತೊಡಗಿತು. ಕಿತ್ತು ನೋಡಿದರೆ ಹಿಂದೆ ಕಪ್ಪು ಬೂಸ್ಟು, ಒಂದು ಹಲ್ಲಿ ಸಂಸಾರ. 'ಸುಣ್ಣವೇ ಚೆನ್ನಾಗಿತ್ತಲ್ಲೋ' ಅಂದರು ಅತ್ತೆ. ಸುಣ್ಣ ಉಸಿರಾಡುತ್ತದೆ, ಪ್ಲಾಸ್ಟಿಕ್ ಉಸಿರಾಡುವುದಿಲ್ಲ.

ನಿಮ್ಮ ಗೋಡೆಯ ತೇವ ಎಲ್ಲಿಯದು ಎಂದು ತಿಳಿಯಲು ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ಕನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಪ್ಲಾಸ್ಟಿಕ್ಕಿನ ಒಳಬದಿಯಲ್ಲಿ ಬೆವರಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಬದಿಯಲ್ಲಿ ಬೆವರಿದ್ದರೆ ಅದು ಕೋಣೆಯ ಗಾಳಿಯದು. ಮೊದಲನೆಯದಕ್ಕೆ ಶೀಟ್ ಔಷಧಿಯಲ್ಲ.

ಕಲೆ ಒರೆಸಿದರೆ ಹೋಗೋ ದುಬಾರಿ ಪೇಂಟ್ ಹೊಡೆಸಿದ್ದೀವಿ. ಅದರ ಮೇಲೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತೆ ಅಲ್ವಾ?

ಉಲ್ಟಾ. ಆ ಪೇಂಟ್ ಮಾಡಿರುವುದೇ ಏನೂ ಅಂಟಬಾರದು ಎಂದು. ಸಾಂಬಾರ್ ಅಂಟದ ಗೋಡೆಗೆ ಗಮ್ಮು ಅಂಟುತ್ತದೆಯೇ? ಮೊದಲು ಒಂದಡಿ ತುಂಡು ಅಂಟಿಸಿ ಒಂದು ವಾರ ಕಾಯಿರಿ. ಅಂಚು ಎದ್ದರೆ ನಯವಾದ ಉಪ್ಪುಕಾಗದದಲ್ಲಿ ಗೋಡೆಯ ಹೊಳಪು ಹೋಗುವಷ್ಟು ಉಜ್ಜಬೇಕಾಗುತ್ತದೆ. ಅಷ್ಟು ದುಡ್ಡು ಕೊಟ್ಟು ಹೊಡೆಸಿದ ಪೇಂಟನ್ನು ಉಜ್ಜಲು ನನಗಂತೂ ಕೈ ಬಾರದು.

ಅಂಟಿಸುವಾಗ ಏನು ಮಾಡಿದ್ರೆ ಜಾಸ್ತಿ ದಿನ ಬರುತ್ತೆ?

ಕಾಲ ನೋಡಿ ಅಂಟಿಸಿ. ದೀಪಾವಳಿಯಿಂದ ಶಿವರಾತ್ರಿ ತನಕ ನಮ್ಮ ಕಡೆ ಗೋಡೆ ಒಣಗಿರುತ್ತದೆ, ಸೆಕೆಯೂ ಇರುವುದಿಲ್ಲ. ಹಿಂದಿನ ದಿನ ಸೋಪಿನ ನೀರಲ್ಲಿ ಒರೆಸಿ, ಆಮೇಲೆ ಬರೀ ನೀರಲ್ಲಿ ಒರೆಸಿ, ರಾತ್ರಿಯೆಲ್ಲ ಫ್ಯಾನ್ ಹಾಕಿ ಬಿಡಿ. ಅಡುಗೆಮನೆಯಾದರೆ ಎರಡು ಸಲ ಒರೆಸಿ, ಒಗ್ಗರಣೆ ಜಿಡ್ಡು ಕಣ್ಣಿಗೆ ಕಾಣುವುದಿಲ್ಲ.

ಹಿಂದಿನ ಪೇಪರನ್ನು ಪೂರ್ತಿ ಸುಲಿಯಬೇಡಿ. ಗೇಣು ಗೇಣಾಗಿ ಸುಲಿಯುತ್ತಾ, ಮೇಲಿನಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ಶೀಟನ್ನು ಎಳೆದು ಸರಿಮಾಡುವ ಆಸೆ ಬೇಡ. ಎಳೆದಷ್ಟೂ ಅದು ಮುಂದೆ ಹಿಂದಕ್ಕೆ ಸೇದಿಕೊಳ್ಳುತ್ತದೆ. ಈ ಗಮ್ಮಿನ ಬಲ ಇರುವುದೇ ಒತ್ತಡದಲ್ಲಿ. ಹಳೇ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ, ನಡುವಿನಿಂದ ಅಂಚಿಗೆ ಬಲವಾಗಿ ಒತ್ತಿ. ಗೋಡೆಯ ಮೂಲೆಯಲ್ಲಿ ಶೀಟನ್ನು ಬಗ್ಗಿಸಿ ಮುಂದುವರಿಸುವ ಬದಲು ಕತ್ತರಿಸಿ, ಎರಡನೇ ತುಂಡನ್ನು ಅರ್ಧ ಇಂಚು ಮೇಲೇರಿಸಿ ಅಂಟಿಸಿ. ಕೊನೆಗೆ ಅಂಚುಗಳಿಗೆ ಹೇರ್ ಡ್ರೈಯರ್ ಬಿಸಿ ತೋರಿಸಿ ಮತ್ತೊಮ್ಮೆ ಒತ್ತಿ. ಮೂರು ದಿನ ಒದ್ದೆ ಬಟ್ಟೆ ತಾಗಿಸಬೇಡಿ.

## ಅಡುಗೆಮನೆ

ಗ್ಯಾಸ್ ಸ್ಟೌ ಹಿಂದೆ ಅಂಟಿಸಬಹುದಾ? ಫೋಟೋದಲ್ಲಿ ಹಾಗೇ ತೋರಿಸ್ತಾರಲ್ಲ.

ಫೋಟೋದ ಸ್ಟೌ ಹಚ್ಚಿರುವುದಿಲ್ಲ. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಮೆದು ಶೀಟು ಅದಕ್ಕೂ ಮೊದಲೇ. ದೊಡ್ಡ ಬಾಣಲೆ ಇಟ್ಟರೆ ಉರಿ ಬದಿಯಿಂದ ಹೊರಟು ಗೋಡೆಯತ್ತ ಹೋಗುತ್ತದೆ. ಹಬ್ಬದ ದಿನ ಎರಡು ಗಂಟೆ ಕಜ್ಜಾಯ ಕರಿದರೆ ಸಾಕು, ಶೀಟು ಸುರುಟಿಕೊಳ್ಳುತ್ತದೆ.

ಸ್ಟೌ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಶೀಟ್ ಪರವಾಗಿಲ್ಲ. ಅದರಲ್ಲೂ ಲೋಹಕ್ಕೆ ಏನೂ ಆಗದು, ಹಿಂದಿನ ಗಮ್ಮು ಬಿಸಿಗೆ ಜಾರುತ್ತದೆ, ಉಜ್ಜಿದರೆ ಮೇಲಿನ ಪ್ರಿಂಟ್ ಹೋಗುತ್ತದೆ. ಅದನ್ನು ವರ್ಷಕ್ಕೊಮ್ಮೆ ಬದಲಿಸುವ ಸಾಮಾನು ಎಂದೇ ತಿಳಿಯಿರಿ. ಫೋಮ್ ಶೀಟ್ ಮಾತ್ರ ಅಡುಗೆಮನೆಗೂ ಬೇಡ, ದೇವರಮನೆಗೂ ಬೇಡ. ಅದು ಉರಿಯುವ ವಸ್ತು. ನಂದಾದೀಪದ ಹಿಂದೆ ಅದನ್ನು ಅಂಟಿಸಿದ ಮನೆಗಳನ್ನು ನೋಡಿ ನನಗೆ ನಿಜಕ್ಕೂ ಭಯವಾಗಿದೆ.

ಕಡಪ ಕಲ್ಲಿನ ಕಟ್ಟೆಗೆ ಮಾರ್ಬಲ್ ಶೀಟ್ ಅಂಟಿಸಿದೆ. ಎಲ್ಲಾ ಚೆನ್ನಾಗಿದೆ, ಸಿಂಕ್ ಪಕ್ಕ ಮಾತ್ರ ಏಳುತ್ತೆ.

ಪ್ಲಾಸ್ಟಿಕ್ಕಿನೊಳಗೆ ನೀರು ಇಳಿಯುವುದಿಲ್ಲ, ಅಂಚಿನಿಂದ ನುಗ್ಗುತ್ತದೆ. ಸಿಂಕಿನ ಬಾಯಿಯಲ್ಲಿ ಶೀಟಿನ ಅಂಚು ದಿನಕ್ಕೆ ಹತ್ತು ಸಲ ನೆನೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಅಂಚಿನಡಿ ಬಿಳಿ ಪದರ ಕಟ್ಟಿ ಅದನ್ನು ಎತ್ತಿ ಹಿಡಿಯುತ್ತದೆ. ಅಂಟಿಸಿದ ದಿನವೇ ಅಂಚಿನುದ್ದಕ್ಕೂ ಪಾರದರ್ಶಕ ಸಿಲಿಕಾನ್ ಸೀಲೆಂಟ್ ಎಳೆದು ಒಂದು ದಿನ ಒಣಗಲು ಬಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಇನ್ನೊಂದು ಉಪಾಯವನ್ನು ಗಿರಾಕಿಯೊಬ್ಬರೇ ಹೇಳಿಕೊಟ್ಟದ್ದು. ಸಿಂಕ್ ಸುತ್ತಲಿನ ನಾಲ್ಕು ಬೆರಳಗಲವನ್ನು ಬೇರೆ ಪಟ್ಟಿಯಾಗಿ ಅಂಟಿಸಿ. ಹಾಳಾದಾಗ ಪಟ್ಟಿ ಮಾತ್ರ ಬದಲಿಸಿದರಾಯಿತು. ಬಿಸಿ ಕುಕ್ಕರನ್ನು ಶೀಟಿನ ಮೇಲೆ ಇಡಬೇಡಿ, ತರಕಾರಿ ಹೆಚ್ಚಲು ಮಣೆ ಬಳಸಿ. ಒಂದು ಚಾಕು ಗೀರು ಬಿದ್ದರೂ ನೀರಿಗೆ ಹೊಸ ಬಾಗಿಲು ತೆರೆದಂತೆ.

ಅರಿಸಿನದ ಕಲೆ ಹೋಗಲ್ಲ. ಶೀಟ್ ಬದಲಿಸಬೇಕಾ?

ಬೇಡ, ಬಿಸಿಲು ಬರಲಿ. ಅರಿಸಿನದ ಬಣ್ಣ ಬೆಳಕಿಗೆ ತಾನೇ ಮಾಸುತ್ತದೆ. ಸೋಪು ಹಾಕಿದಾಗ ಕಲೆ ಕೆಂಪಾದರೆ ಹೆದರಬೇಡಿ, ಕ್ಷಾರ ತಾಗಿದರೆ ಅರಿಸಿನ ಕೆಂಪಾಗುವುದು ಸಹಜ. ಕುಂಕುಮಕ್ಕೆ ಸೇರಿಸುವ ಕೃತಕ ಬಣ್ಣಗಳ ಕಲೆ ಮಾತ್ರ ಹಟಮಾರಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿದರೆ ಕಲೆಯ ಜೊತೆ ಶೀಟೂ ಕರಗುತ್ತದೆ.

## ನೆಲ

ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲ ಬಿರುಕು ಬಿಟ್ಟಿದೆ. ಮೇಲೆ ವಿನೈಲ್ ಟೈಲ್ಸ್ ಅಂಟಿಸಿದ್ರೆ ನಿಲ್ಲುತ್ತಾ?

ಕಷ್ಟ. ಆ ಕೆಂಪು ನೆಲಕ್ಕೆ ವರ್ಷಗಟ್ಟಲೆ ಮೇಣ, ಕೊಬ್ಬರಿ ಎಣ್ಣೆ ಕುಡಿಸಿ ಕನ್ನಡಿ ಮಾಡಿರುತ್ತಾರೆ. ಗಮ್ಮಿಗೆ ಎಣ್ಣೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಜೊತೆಗೆ ಹಳೇ ನೆಲ ಕೆಳಗಿನಿಂದ ತೇವ ಬಿಡುತ್ತದೆ. ಮೇಣವನ್ನೆಲ್ಲ ಉಜ್ಜಿ ತೆಗೆದು, ಬಿರುಕು ತುಂಬಿ, ಪ್ರೈಮರ್ ಹೊಡೆದು ಅಂಟಿಸಬಹುದು. ಅಷ್ಟು ಮಾಡುವವರು ಅದೇ ದುಡ್ಡಿನಲ್ಲಿ ಕೆಂಪು ನೆಲವನ್ನೇ ರಿಪೇರಿ ಮಾಡಿಸಲಿ ಎನ್ನುವುದು ನನ್ನ ಅಭಿಪ್ರಾಯ. ಆ ಹೊಳಪು ಯಾವ ರೋಲಿನಲ್ಲೂ ಬರುವುದಿಲ್ಲ.

ಹಳೇ ಟೈಲ್ಸ್ ಮೇಲೇ ಅಂಟಿಸಿದ್ವಿ. ಈಗ ಕೆಳಗಿನ ಜಾಯಿಂಟ್ ಗೆರೆ ಎದ್ದು ಕಾಣ್ತಿದೆ.

ಮೆದು ವಿನೈಲ್ ಕೆಳಗಿನ ತಗ್ಗಿಗೆ ನಿಧಾನವಾಗಿ ಇಳಿಯುತ್ತದೆ. ಅಂಟಿಸುವ ಮುಂಚೆ ಜಾಯಿಂಟುಗಳನ್ನು ತುಂಬಿ ಸಮ ಮಾಡಬೇಕಿತ್ತು. ಈಗ ಮಾಡುವಂಥದ್ದೇನೂ ಇಲ್ಲ.

2 ಎಂಎಂ ದಪ್ಪದ್ದು ತಗೊಂಡಿದ್ದೀನಿ. ಗಟ್ಟಿ ತಾನೇ?

ಒಟ್ಟು ದಪ್ಪ ಕಾಲಿಗೆ ಹಿತ, ಅಷ್ಟೇ. ಆಯಸ್ಸು ಇರುವುದು ಪ್ರಿಂಟಿನ ಮೇಲಿನ ಪಾರದರ್ಶಕ ಪದರದಲ್ಲಿ. ಅಗ್ಗದ ಟೈಲಿನಲ್ಲಿ ಅದು 0.1 ಎಂಎಂ ಇರಬಹುದು, ಒಳ್ಳೆಯದರಲ್ಲಿ 0.3. ಆ ಪದರ ಸವೆದ ದಿನ ಮರದ ಡಿಸೈನ್ ಅಳಿಸಿ ಬಿಳಿ ಕಾಣುತ್ತದೆ. ಹೊಸ್ತಿಲ ಬಳಿಯೇ ಮೊದಲು ಸವೆಯುವುದು, ಏಕೆಂದರೆ ಚಪ್ಪಲಿಯ ಮರಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಅಲ್ಲೊಂದು ಕಾಲೊರೆಸು ಹಾಕಿ. ಅದರ ಅಡಿ ರಬ್ಬರ್ ಇರಬಾರದು. ರಬ್ಬರಿನ ರಾಸಾಯನಿಕ ವಿನೈಲಿಗೆ ಇಳಿದು ಹಳದಿ ಕಲೆ ಬೀಳುತ್ತದೆ, ಅದು ಒರೆಸಿದರೆ ಹೋಗುವಂಥದ್ದಲ್ಲ.

ಇನ್ನು ನೆಲ ಒರೆಸುವ ವಿಚಾರ. ಹಬ್ಬಕ್ಕೆ ಬಕೆಟ್ ನೀರು ಸುರಿದು ಪೊರಕೆಯಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಈ ಟೈಲ್ಸ್ ಬೇಡವೇ ಬೇಡ. ಹಿಂಡಿದ ಬಟ್ಟೆಯಲ್ಲಿ ಒರೆಸುವ ಮನೆಗೆ ಮಾತ್ರ ಇದು. ಕಬ್ಬಿಣದ ಬೀರುವಿನ ಕಾಲಿನ ಅಡಿ ಹಲಗೆ ತುಂಡು ಇಡಿ, ಇಲ್ಲವಾದರೆ ಗುಳಿ ಬೀಳುತ್ತದೆ.

## ಊರು, ಮಳೆ, ಬಿಸಿಲು

ನಮ್ದು ಉಡುಪಿ ಕಡೆ ಮಾರಾಯ್ರೆ. ಮಳೆಗಾಲದಲ್ಲಿ ಬಟ್ಟೆಗೂ ಬೂಸ್ಟು ಬರ್ತದೆ. ಇಲ್ಲಿ ಶೀಟ್ ಆಗ್ತದಾ?

ಆಗುತ್ತದೆ, ಎಲ್ಲಿ ಎನ್ನುವುದು ಮುಖ್ಯ. ಬೆಂಗಳೂರಿನಲ್ಲಿ ವರ್ಷಕ್ಕೆ 1,000 ಮಿ.ಮೀ. ಆಸುಪಾಸು ಮಳೆ. ನಿಮ್ಮಲ್ಲಿ ಅದರ ಮೂರು ನಾಲ್ಕು ಪಟ್ಟು. ಘಟ್ಟ ಹತ್ತಿದರೆ ಆಗುಂಬೆಯಲ್ಲಿ ಸರಾಸರಿ 7,000 ಮಿ.ಮೀ. ದಾಟುತ್ತದೆ. ಮುರಕಲ್ಲಿನ ಗೋಡೆಯಂತೂ ನೀರು ಹೀರುವ ಕಲ್ಲು. ಮಳೆ ಬಡಿಯುವ ನೈಋತ್ಯ ದಿಕ್ಕಿನ ಹೊರಗೋಡೆಯ ಒಳಬದಿಗೆ ಅಂಟಿಸಿದರೆ ಒಂದೇ ಮಳೆಗಾಲ. ಬಾಗಿಲು, ಗಾಜು, ಸ್ಟೀಲ್ ಕಪಾಟು, ಹೊಳಪಿನ ಟೈಲ್ಸ್, ಎರಡು ಕೋಣೆಯ ನಡುವಿನ ಒಳಗೋಡೆ ಇವುಗಳ ಮೇಲೆ ಧೈರ್ಯವಾಗಿ ಅಂಟಿಸಿ. ಶೀಟಿನ ಮೇಲೆ ಬಂದ ಬೂಸ್ಟನ್ನು ಸೋಪಿನ ನೀರಲ್ಲಿ ಒರೆಸಬಹುದು. ಹಿಂದೆ ಬಂದದ್ದಕ್ಕೆ ಕೀಳುವುದೊಂದೇ ದಾರಿ. ಪ್ಲೈವುಡ್ಡಿಗೆ ಅಂಟಿಸುವುದಾದರೆ ಅದರ ನಾಲ್ಕೂ ಅಂಚಿಗೆ ಮೊದಲು ವಾರ್ನಿಶ್ ಹೊಡೆಯಿರಿ, ತೇವ ಅಲ್ಲಿಂದಲೇ ಒಳಹೋಗುತ್ತದೆ.

ಕಲಬುರಗಿ ಬಿಸಲಿಗೆ ಉಳೀತದೇನ್ರಿ?

ತೇವದ ಕಾಟ ಇಲ್ಲ ನೋಡ್ರಿ, ಅದೊಂದು ಲಾಭ. ಆದರೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಪಡುವಣ ಗೋಡೆ ಸಂಜೆ ಹೊತ್ತಿಗೆ ಒಳಬದಿಯೂ ಕಾಯುತ್ತದೆ. ಅಲ್ಲಿ ರಬ್ಬರ್ ಗಮ್ಮಿನ ಶೀಟು ಕೆಳಕ್ಕೆ ಜಾರುತ್ತದೆ. ಅಕ್ರಿಲಿಕ್ ಗಮ್ಮಿನದೇ ಕೇಳಿ ತೆಗೆದುಕೊಳ್ಳಿ. ಮೂಡಣ, ಬಡಗಣ ಗೋಡೆ ಆರಿಸಿಕೊಳ್ಳಿ. ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಕೆಂಪು, ಹಳದಿ ಮೊದಲು ಮಾಸಿ ಚಿತ್ರವೆಲ್ಲ ನೀಲಿಗೆ ತಿರುಗುತ್ತದೆ. ಒಂದು ಪರದೆ ಹಾಕಿದರೆ ಎರಡು ವರ್ಷ ಜಾಸ್ತಿ ಬಂತು. ಶಹಾಬಾದ್ ಕಲ್ಲಿನ ನೆಲ ಒರಟಾಗಿದ್ದರೆ ಅದರ ಮೇಲೆ ಟೈಲ್ಸ್ ಅಂಟಿಸಲು ಹೋಗಬೇಡಿ. ಬೇಸಿಗೆಗೆ ತಂಪಾಗಿರುವ ಕಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚುವುದಾದರೂ ಯಾಕೆ?

ಅಮೆರಿಕದಲ್ಲಿರೋ ಮಗಳಿಗೆ ಇಲ್ಲಿಂದ ರೋಲ್ ಕಳಿಸಬಹುದಾ?

ಕಳಿಸಬಹುದು, ಆದರೆ ಅಲ್ಲಿನ ಗೋಡೆ ಬೇರೆ. ಎರಡು ಕಾಗದದ ನಡುವೆ ಜಿಪ್ಸಮ್ ಇರುವ ಹಲಗೆ ಅದು. ಪ್ರೈಮರ್ ಇಲ್ಲದ ಕಡೆ ಗಟ್ಟಿ ಗಮ್ಮಿನ ಶೀಟ್ ಅಂಟಿಸಿ ಕಿತ್ತರೆ ಗೋಡೆಯ ಕಾಗದವೇ ಸುಲಿದು ಬರುತ್ತದೆ. ಅವರಿಗೆ ತೆಗೆದು ಅಂಟಿಸುವ ಜಾತಿಯದು ಸರಿ.

## ತೆಗೆಯುವಾಗ

ಬಾಡಿಗೆ ಮನೆ ಬಿಡ್ತಿದ್ದೀವಿ. ಗೋಡೆ ಹಾಳಾಗದ ಹಾಗೆ ಕೀಳೋದು ಹೇಗೆ?

ಹೇರ್ ಡ್ರೈಯರಿನಿಂದ ಒಂದಡಿ ಜಾಗವನ್ನು ಅರ್ಧ ನಿಮಿಷ ಬಿಸಿ ಮಾಡಿ. ಮೇಲಿನ ಮೂಲೆಯಿಂದ ಶುರುಮಾಡಿ, ಶೀಟನ್ನು ಹೊರಕ್ಕೆ ಎಳೆಯದೆ ಗೋಡೆಗೆ ಒರಗಿಸಿ ಹಿಂದಕ್ಕೆ ಮಡಚಿದ ಹಾಗೆ ನಿಧಾನವಾಗಿ ಸುಲಿಯಿರಿ. ಅಂಟಿಸಿ ವರ್ಷದೊಳಗಾದರೆ ಹೆಚ್ಚಾಗಿ ಚೆನ್ನಾಗಿ ಬರುತ್ತದೆ. ನಾಲ್ಕೈದು ವರ್ಷವಾಗಿದ್ದರೆ ಪೆಡಸಾದ ಶೀಟ್ ತುಂಡು ತುಂಡಾಗಿ ಬಂದು ಇಡೀ ಭಾನುವಾರ ತಿನ್ನುತ್ತದೆ.

ಬೆಂಗಳೂರಿನಲ್ಲಿ ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ಕರಾರಿನಲ್ಲಿ ಹಾಗೇ ಇದ್ದರೆ ಗೋಡೆಯ ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಪ್ಲಾಸ್ಟರ್ ಕಿತ್ತು ಬರದಂತೆ ನೋಡಿಕೊಂಡರೆ ಸಾಕು. ಅಂಟಿಸುವ ಮುಂಚೆಯೇ ಮಾಲೀಕರಿಗೆ ಒಂದು ಮಾತು ಹೇಳಿರುವುದು ಒಳ್ಳೆಯದು.

ಶೀಟ್ ಬಂತು, ಜಿಗುಟು ಉಳಿದಿದೆ.

ಕಲ್ಲು, ಟೈಲ್ಸ್, ಸ್ಟೀಲಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಒರೆಸಿ, ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆಯಿರಿ. ನೀಲಗಿರಿ ಎಣ್ಣೆ ಇನ್ನೂ ಬೇಗ. ಗೋಡೆಗೆ ಎಣ್ಣೆ ಬೇಡ, ಕಲೆ ಉಳಿಯುತ್ತದೆ. ಅಲ್ಲಿ ಬಿಸಿ ಸೋಪಿನ ನೀರು, ತಾಳ್ಮೆ.

ಕಿತ್ತ ಶೀಟನ್ನು ಹಂಡೆ ಒಲೆಗೆ ಹಾಕಬಹುದಾ?

ಬೇಡ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷದ ಹೊಗೆ ಬರುತ್ತದೆ. ಗಮ್ಮು ಮೆತ್ತಿರುವುದರಿಂದ ಗುಜರಿಯವರೂ ಮುಟ್ಟುವುದಿಲ್ಲ. ಒಣ ಕಸಕ್ಕೆ ಕೊಡಿ.

## ಸ್ವಲ್ಪ ಆಳದ ಪ್ರಶ್ನೆಗಳು

ಅಂಟಿಸಿದಾಗ ಎರಡು ಶೀಟೂ ಕೂಡಿಕೊಂಡಿದ್ವು. ವರ್ಷದ ಮೇಲೆ ನಡುವೆ ಕಡ್ಡಿಯಷ್ಟು ಸಂದು ಬಿಟ್ಟಿದೆ. ಗೋಡೆ ಅಲ್ಲಾಡಿತಾ?

ಗೋಡೆ ಅಲ್ಲೇ ಇದೆ, ಶೀಟು ಕುಗ್ಗಿದೆ. ರೋಲರಿನಲ್ಲಿ ಎಳೆದು ಮಾಡಿದ ಪ್ಲಾಸ್ಟಿಕ್ಕಿಗೆ ತನ್ನ ಹಳೇ ಅಳತೆಯ ನೆನಪು ಇರುತ್ತದೆ. ಬಿಸಿ ತಾಗಿದಾಗಲೆಲ್ಲ ಕೂದಲೆಳೆಯಷ್ಟು ಹಿಂದಕ್ಕೆ ಹೋಗುತ್ತದೆ. ಮೆದುಕಾರಕ ಆರಿದಷ್ಟೂ ಇನ್ನಷ್ಟು ಕುಗ್ಗುತ್ತದೆ. ಎರಕ ಹೊಯ್ದಂತೆ ದ್ರವದಿಂದ ಮಾಡುವ ಶೀಟಿನಲ್ಲಿ ಈ ನೆನಪು ಇಲ್ಲ, ಅದಕ್ಕೇ ಕಾರು ಬಸ್ಸುಗಳಿಗೆ ಸುತ್ತಲು ಅದನ್ನು ಬಳಸುತ್ತಾರೆ. ಮನೆ ಗೋಡೆಗೆ ಅದು ದುಬಾರಿ. ಅಂಚು ಅಂಚು ಕೂಡಿಸದೆ ಅರ್ಧ ಇಂಚು ಒಂದರ ಮೇಲೊಂದು ಏರಿಸಿ ಅಂಟಿಸಿ ಎಂದು ಹೇಳುವುದು ಇದಕ್ಕಾಗಿಯೇ.

ಅಂಚಿನಲ್ಲಿ ಜೇನಿನ ಹಾಗೆ ಜಿಗಿಜಿಗಿ ಬಂದು ಧೂಳು ಹಿಡಿದು ಕಪ್ಪು ಗೆರೆ ಆಗಿದೆ.

ಎರಡು ಕಾರಣ ಇರಬಹುದು. ಒಂದು, ಶೀಟು ಹಿಂದೆ ಸರಿದು ಅದರಡಿಯ ಗಮ್ಮು ಬಯಲಾಗಿದೆ. ಇನ್ನೊಂದು, ಪ್ಲಾಸ್ಟಿಕ್ಕಿನ ಮೆದುಕಾರಕ ಕೆಳಗಿಳಿದು ಗಮ್ಮನ್ನು ಸೇರಿ ಅದನ್ನು ನೀರಾಗಿಸಿದೆ. ಎರಡನೆಯದಾದರೆ ಅಂಚು ಒತ್ತಿದಾಗ ಶೀಟು ಜಾರುತ್ತದೆ. ಆಗ ಅದರ ಮೇಲೆ ಬೇರೆ ಗಮ್ಮು ಹಾಕಿ ಪ್ರಯೋಜನವಿಲ್ಲ, ಆ ಶೀಟಿನ ಕಾಲ ಮುಗಿಯಿತು. ಮೊದಲನೆಯದಾದರೆ ಬಟ್ಟೆಗೆ ಒಂದು ಹನಿ ನೀಲಗಿರಿ ಎಣ್ಣೆ ಹಾಕಿ ಒರೆಸಿ ಇನ್ನೊಂದೆರಡು ವರ್ಷ ತಳ್ಳಬಹುದು.

ಹಳೇ ಶೀಟ್ ಕೀಳದೆ ಅದರ ಮೇಲೇ ಹೊಸದು ಅಂಟಿಸಿದ್ರೆ?

ಹಳೆಯದು ನಾಲ್ಕೂ ಅಂಚಿನಲ್ಲಿ ಬಿಗಿಯಾಗಿದ್ದು, ಮೇಲ್ಮೈ ನುಣುಪಾಗಿದ್ದರೆ ಒಂದು ಸಲ ನಡೆಯುತ್ತದೆ. ಹೊಸ ಶೀಟಿನ ಭಾರ, ಕುಗ್ಗುವ ಎಳೆತ ಎರಡೂ ಹಳೇ ಗಮ್ಮಿನ ಮೇಲೆ ಬೀಳುತ್ತದೆ ಎನ್ನುವುದು ನೆನಪಿರಲಿ. ಮೂರನೇ ಪದರ ಹಾಕಿದವರು ಮೂರನ್ನೂ ಒಟ್ಟಿಗೆ ಎತ್ತಿಕೊಂಡು ಅಂಗಡಿಗೆ ಬಂದಿದ್ದಾರೆ.

ಅಣ್ಣಾ, ನಿಮ್ಮ ಮನೇಲಿ ಎಲ್ಲೆಲ್ಲಿ ಅಂಟಿಸಿದ್ದೀರಾ?

ಫ್ರಿಜ್ಜಿನ ಬಾಗಿಲಿಗೆ, ಅಡುಗೆಮನೆ ಕಪಾಟುಗಳ ಒಳಗೆ, ಮಗನ ಓದುವ ಮೇಜಿಗೆ. ಫ್ರಿಜ್ಜಿನದಕ್ಕೆ 11 ವರ್ಷ ಆಯಿತು, ಒಂದು ಮೂಲೆಯೂ ಎದ್ದಿಲ್ಲ. ಸ್ಟೌ ಹಿಂದಿನ ಫಾಯಿಲನ್ನು ಯುಗಾದಿಗೆ ಯುಗಾದಿಗೆ ಬದಲಿಸುತ್ತೇನೆ. ಹಾಲಿನ ಗೋಡೆಗೆ ಪೇಂಟ್.